‘ರುಡಿಮೆಂಟರಿ’ ಎಂಬ ಬೈಗುಳ

ಇಂಗ್ಲಿಷಿನಲ್ಲಿ ‘ರುಡಿಮೆಂಟರಿ’ ಅಂತ ಒಂದು ಪದ ಇದೆ. ಕೇಳಲಿಕ್ಕೆ ಮರ್ಯಾದಸ್ಥ ಪದ. ಬೈದ ಹಾಗೆ ಕೇಳಿಸುವುದೇ ಇಲ್ಲ. ಮುಂಬಯಿಯಲ್ಲಿ ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬೇಕಾದಾಗಲೆಲ್ಲ ಯಾರಾದರೊಬ್ಬರು ಈ ಪದವನ್ನು ತಂದು ನಮ್ಮ ತಲೆಯ ಮೇಲಿಡುತ್ತಾರೆ. ನಾವು ಅದನ್ನು ಕಿರೀಟ ಅಂದುಕೊಂಡು ಹೊತ್ತು ನಡೆಯುತ್ತೇವೆ. ವಾಕ್ಯ ಹೆಚ್ಚುಕಡಿಮೆ ಹೀಗಿರುತ್ತದೆ: ಕರ್ನಾಟಕದ ಯಕ್ಷಗಾನವೆಂಬ ರುಡಿಮೆಂಟರಿ ಜನಪದ ಆಟವನ್ನು ನೋಡಿ ಸ್ಫೂರ್ತಿ ಪಡೆದ ವಿಷ್ಣುದಾಸ ಭಾವೆಯವರಿಂದ ನಾಸೆಂಟ್ ಮರಾಠಿ ರಂಗಭೂಮಿ ಹುಟ್ಟಿಕೊಂಡಿತು. ಸ್ಮರಣ ಸಂಚಿಕೆಗಳಲ್ಲಿ, ಆಮಂತ್ರಣ ಪತ್ರಿಕೆಯ ಬೆನ್ನಿನಲ್ಲಿ, ಅತಿಥಿಗಳಿಗೆ ಕೊಡುವ ಪರಿಚಯದ ಹಾಳೆಯಲ್ಲಿ ಈ ವಾಕ್ಯವನ್ನು ಬೇರೆ ಬೇರೆ ವೇಷದಲ್ಲಿ ನಾನು ಎಷ್ಟು ಸಲ ಕಂಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಬರೆದವರು ಪರರೇನಲ್ಲ, ನಮ್ಮವರೇ.

ಈ ವಾಕ್ಯದಲ್ಲಿ ಎರಡು ವಿಶೇಷಣಗಳಿವೆ. ಎರಡೂ ‘ಈಗಷ್ಟೇ ಮೊಳೆಯುತ್ತಿರುವ’ ಎಂಬ ಅರ್ಥದ ಸುತ್ತಲೇ ಸುಳಿಯುವಂಥವು. ನನ್ನ ಪ್ರಕಾರ ಎರಡೂ ತಪ್ಪು. ಒಂದು ಅವಮಾನದ ತಪ್ಪು, ಇನ್ನೊಂದು ಆಲಸ್ಯದ ತಪ್ಪು.

ಒಂದು ಪದಕ್ಕೆ ಇಷ್ಟು ಗಲಾಟೆಯೇ ಮಾರಾಯರೇ ಅಂತ ನೀವು ಊರಲ್ಲಿ ಕೂತು ಕೇಳಬಹುದು. ಊರಲ್ಲಿ ಗಲಾಟೆ ಬೇಕಾಗಿಲ್ಲ, ಒಪ್ಪುತ್ತೇನೆ. ಅಲ್ಲಿ ಯಕ್ಷಗಾನ ಏನು ಅಂತ ತಿಳಿಯಲಿಕ್ಕೆ ವಿಶೇಷಣದ ಅಗತ್ಯವಿಲ್ಲ, ರಾತ್ರಿ ಚಂಡೆಯ ದನಿ ಬಂದ ದಿಕ್ಕಿಗೆ ನಡೆದರೆ ಆಯಿತು. ಇಲ್ಲಿ ಹಾಗಲ್ಲ. ಇಲ್ಲಿಯ ನಮ್ಮ ಮಕ್ಕಳು ಮನೆಯಲ್ಲಿ ತುಳು ಅಥವಾ ಕನ್ನಡ ಆಡುತ್ತಾರೆ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಒಂದು ವಿಷಯ, ಓದುವುದೆಲ್ಲ ಇಂಗ್ಲಿಷ್. ಕನ್ನಡದ ರಂಗಚರಿತ್ರೆಯನ್ನು ಅವರು ಓದಲಾರರು, ಮರಾಠಿಯದನ್ನು ಓದುವುದಿಲ್ಲ. ಅಜ್ಜನ ಆಟದ ಬಗ್ಗೆ ಅವರಿಗೆ ಸಿಗುವುದು ಆಮಂತ್ರಣದ ಬೆನ್ನಿನ ಆ ನಾಲ್ಕು ಸಾಲು ಮಾತ್ರ. ಆ ನಾಲ್ಕು ಸಾಲಿನಲ್ಲಿ ‘ರುಡಿಮೆಂಟರಿ’ ಅಂತ ಇದ್ದರೆ ಮಗುವಿನ ಮಟ್ಟಿಗೆ ಅಜ್ಜನ ಕಲೆ ರುಡಿಮೆಂಟರಿ. ಮುಗಿಯಿತು.

ಈಗ ನಡೆದದ್ದೇನು ಅಂತ ನೋಡೋಣ.

1842ರಲ್ಲಿ ಸಾಂಗ್ಲಿಗೆ ಕರ್ನಾಟಕದ ಭಾಗವತರ ಮೇಳವೊಂದು ಹೋಗಿತ್ತು. ಅದು ಹೊನ್ನಾವರದ ಹತ್ತಿರದ ಕರ್ಕಿಯ ಮೇಳ ಎಂದು ನಮ್ಮ ವಿದ್ವಾಂಸರು ಗುರುತಿಸಿದ್ದಾರೆ. ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಆಟ ನೋಡಿದರು. ಅವರ ಸಂಸ್ಥಾನದಲ್ಲಿ ತೇರದಾಳ, ಶಹಾಪುರದಂಥ ಕನ್ನಡ ಊರುಗಳೂ ಇದ್ದವು, ಹಾಗಾಗಿ ಆ ಆಸ್ಥಾನಕ್ಕೆ ಕನ್ನಡವೇನು ಪರದೇಶದ ಭಾಷೆಯಲ್ಲ. ಇಂಥದ್ದೊಂದು ಮರಾಠಿಯಲ್ಲೂ ಆಗಬೇಕು ಎಂದು ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದರು. ಮರುವರ್ಷ, 1843ರಲ್ಲಿ, ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಇವತ್ತಿಗೂ ಮಹಾರಾಷ್ಟ್ರದಲ್ಲಿ ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನ ಎಂದು ಆಚರಿಸುವುದು ಇದರ ನೆನಪಿಗೇ. ನಾವು ನವೆಂಬರ್ ಒಂದರ ಬಾವುಟ ಇಳಿಸಿ ಮಡಚುವ ಹೊತ್ತಿಗೆ ಅವರ ಹಬ್ಬ ಬರುತ್ತದೆ. ಕರ್ಕಿಯ ಹೆಸರು ಅಲ್ಲಿ ಎಷ್ಟು ಕೇಳಿಬರುತ್ತದೆ ಎಂಬುದು ಬೇರೆ ಮಾತು. ಆದರೆ ಮೂಲದಲ್ಲಿ ಕರ್ನಾಟಕದ ಭಾಗವತರಿದ್ದರು ಎಂಬುದನ್ನು ಮರಾಠಿ ರಂಗಚರಿತ್ರಕಾರರು ಮುಚ್ಚಿಟ್ಟಿಲ್ಲ, ಅದು ಅವರ ದೊಡ್ಡಸ್ತಿಕೆ.

1851ರಲ್ಲಿ ದೊರೆ ತೀರಿಕೊಂಡರು. ಆಶ್ರಯ ತಪ್ಪಿತು. ಭಾವೆ ಮೇಳ ಕಟ್ಟಿಕೊಂಡು ಊರೂರು ಅಲೆಯತೊಡಗಿದರು. 1853ರಲ್ಲಿ ಮುಂಬಯಿಗೆ ಬಂದರು. ಆಡಿದ್ದು ಗ್ರಾಂಟ್ ರೋಡ್ ಥಿಯೇಟರಿನಲ್ಲಿ.

ಗ್ರಾಂಟ್ ರೋಡ್ ಅಂದಕೂಡಲೆ ಊರಿನವರು ಒಂಥರಾ ನಗುತ್ತಾರೆ, ಗೊತ್ತು. ಫಾಕ್‌ಲಂಡ್ ರೋಡ್, ಕಾಮಾಠಿಪುರ ಎಲ್ಲ ಪಕ್ಕದಲ್ಲೇ ಇರುವುದರಿಂದ ಆ ನಗು. 1835ರಿಂದ 1838ರವರೆಗೆ ಮುಂಬಯಿ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟನ ಹೆಸರು ಅದು. ರಸ್ತೆಯ ಈಗಿನ ಅಧಿಕೃತ ಹೆಸರು ಮೌಲಾನಾ ಶೌಕತ್ ಅಲಿ ರಸ್ತೆ, ಆದರೆ ಸ್ಟೇಶನ್ನಿನ ಹೆಸರು ಹಳತೇ ಉಳಿದು ಜನರ ಬಾಯಲ್ಲಿ ಗ್ರಾಂಟ್ ರೋಡೇ. ಲೋಕಲಿನಿಂದ ಇಳಿದು ಪೂರ್ವಕ್ಕೆ ಹೋದರೆ ಲ್ಯಾಮಿಂಗ್ಟನ್ ರೋಡಿನ ರೇಡಿಯೋ, ಕಂಪ್ಯೂಟರ್ ಅಂಗಡಿಗಳು. ಪಶ್ಚಿಮಕ್ಕೆ ಹೋದರೆ ಭಾಜಿ ಗಲ್ಲಿ, ಅದರಾಚೆ ನಾನಾ ಚೌಕ. ಆ ನಾನಾ ಅಂದರೆ ನಾನಾ ಶಂಕರಶೇಟ್, ಜಗನ್ನಾಥ ಶಂಕರಶೇಟ್. ಅವರು ಕೊಟ್ಟ ಜಾಗದಲ್ಲಿ 1846ರಲ್ಲಿ ಆ ಥಿಯೇಟರು ಎದ್ದದ್ದು. ಕೋಟೆಯೊಳಗಿದ್ದ ಬಿಳಿಯರಿಗೆ ಗ್ರಾಂಟ್ ರೋಡ್ ಆಗ ಬಹಳ ದೂರ, ನೇಟಿವರ ಪೇಟೆಯ ಅಂಚು. ಬಿಳಿಯ ಪ್ರೇಕ್ಷಕ ಬರುವುದು ಕಡಿಮೆಯಾದ ಕಡೆ ನಮ್ಮವರಿಗೆ ಜಾಗವಾಯಿತು. 1853ರಲ್ಲಿ ಭಾವೆ ಮರಾಠಿಯಲ್ಲಿ ಆಡಿದರು. ಹಿಂದೂಸ್ತಾನಿಯಲ್ಲಿ ರಾಜಾ ಗೋಪೀಚಂದನ ಕತೆಯನ್ನೂ ಆಡಿದರು. ಅದೇ ವರ್ಷ ಅದೇ ರಂಗದಲ್ಲಿ ಪಾರ್ಸಿಗಳು ತಮ್ಮ ನಾಟಕ ಸುರು ಮಾಡಿದರು. ಅದೇ ವರ್ಷದ ಏಪ್ರಿಲ್ 16ಕ್ಕೆ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಮುಂಬಯಿಯ ಒಂದೇ ಕ್ಯಾಲೆಂಡರಿನಲ್ಲಿ ಇಷ್ಟೆಲ್ಲ.

ಆ ಥಿಯೇಟರು ಈಗಿಲ್ಲ. ಅದರ ಹಿಂದೆ ಹಿಂದೆಯೇ ಆ ಸುತ್ತಮುತ್ತ ನಾಟಕಶಾಲೆಗಳು ಹುಟ್ಟಿ ಆ ಮೂಲೆಗೆ ‘ಪ್ಲೇ ಹೌಸ್’ ಅಂತ ಹೆಸರು ಬಿತ್ತು. ಜನರ ಬಾಯಲ್ಲಿ ಅದು ‘ಪೀಲಾ ಹೌಸ್’ ಆಯಿತು. ಹಳದಿ ಮನೆ! ಹೊಸಬರು ಹಳದಿ ಬಣ್ಣದ ಕಟ್ಟಡ ಹುಡುಕುತ್ತ ತಿರುಗುತ್ತಾರೆ. ಇಂಗ್ಲಿಷ್ ಪದವನ್ನು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಒಂದು ಇಡೀ ರಂಗಭೂಮಿ ಬರೀ ಬಣ್ಣವಾಗಿ ಉಳಿಯುತ್ತದೆ ನೋಡಿ.

ಈಗ ಪದಗಳಿಗೆ ಬರುತ್ತೇನೆ. ‘ರುಡಿಮೆಂಟರಿ’ಯ ಬೇರು ಲ್ಯಾಟಿನ್ನಿನ ‘ರುಡಿಸ್’. ಒರಟು, ಕೆತ್ತದ, ಹದ ಮಾಡದ ಎಂದು ಅರ್ಥ. ‘ರೂಡ್’ ಅಂತ ನಾವು ದಿನಾ ಬಳಸುವ ಪದವೂ ಅದರ ಮಗುವೇ. ತಮಾಷೆ ಅಂದರೆ ಮಹಾವಿದ್ವಾಂಸರಿಗೆ ಹೇಳುವ ‘ಎರುಡೈಟ್’ ಕೂಡ ಅದೇ ಬೇರಿನದು, ಒರಟುತನದಿಂದ ಹೊರಗೆ ಬಂದವನು ಅಂತ. ಈ ಪದಕ್ಕೆ ಇನ್ನೊಂದು ಚರಿತ್ರೆಯಿದೆ. ಡಾರ್ವಿನ್ 1859ರ ತನ್ನ ಗ್ರಂಥದಲ್ಲಿ ‘ರುಡಿಮೆಂಟರಿ ಅಂಗಗಳು’ ಎಂದದ್ದು ಮೊಳೆಯುವ ಅಂಗಗಳಿಗಲ್ಲ, ಉಪಯೋಗ ತಪ್ಪಿ ಕುಗ್ಗಿಹೋದ ಅಂಗಗಳಿಗೆ. ಅಂದರೆ ಈ ಒಂದೇ ಪದದಲ್ಲಿ ಎರಡು ಬೈಗುಳ ಕೂತಿದೆ. ಒಂದೋ ನೀನು ಇನ್ನೂ ಬೆಳೆದಿಲ್ಲ, ಇಲ್ಲವೇ ನೀನು ಆಗಲೇ ಮುದುಡಿದ್ದೀ. ನಡುವೆ ಬಲಿತು ನಿಂತದ್ದಕ್ಕೆ ಅದರಲ್ಲಿ ಜಾಗವೇ ಇಲ್ಲ.

1842ರಲ್ಲಿ ಸಾಂಗ್ಲಿಗೆ ಹೋದ ಆಟ ಯಾವ ಹಂತದಲ್ಲಿತ್ತು? ಶಿವರಾಮ ಕಾರಂತರು ಗುರುತಿಸಿದ ವಿರಾಟಪರ್ವ ಪ್ರಸಂಗದ ಓಲೆ 1564ರದ್ದು. ಆ ಲೆಕ್ಕ ಹಿಡಿದರೂ ಸಾಂಗ್ಲಿಯ ಹೊತ್ತಿಗೆ ಕಲೆಗೆ ಮುನ್ನೂರು ವರ್ಷಕ್ಕೆ ಇಪ್ಪತ್ತೆರಡು ಕಮ್ಮಿ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳು ಅಷ್ಟರಲ್ಲಿ ಕರಾವಳಿಯಲ್ಲಿ ಹಾಡಿಕೆಯಲ್ಲಿದ್ದವು. ಇಂಥ ಪದ್ಯಕ್ಕೆ ಇಂಥ ರಾಗ, ಇಂಥ ತಾಳ, ಇಂಥ ವೇಷಕ್ಕೆ ಇಂಥ ಒಡ್ಡೋಲಗ, ರಾಜವೇಷಕ್ಕೊಂದು ಬಣ್ಣಗಾರಿಕೆ, ರಕ್ಕಸನಿಗೆ ಬೇರೊಂದು. ಕೋಡಂಗಿ, ಬಾಲಗೋಪಾಲರು, ಸ್ತ್ರೀವೇಷ ಅಂತ ಪೂರ್ವರಂಗದ ಒಂದು ಕ್ರಮ. ತಲೆಮಾರಿನಿಂದ ತಲೆಮಾರಿಗೆ ಬಂದ ಮನೆತನಗಳು. ಇದನ್ನು ರುಡಿಮೆಂಟರಿ ಅನ್ನುವುದು, ಮೊಮ್ಮಕ್ಕಳನ್ನು ಕಂಡ ಅಜ್ಜಿಯನ್ನು ‘ಬೇಬಿ’ ಅಂದ ಹಾಗೆ.

ಒಂದು ಆಕ್ಷೇಪ ಬರುತ್ತದೆ, ಬಂದೇ ಬರುತ್ತದೆ. ಯಕ್ಷಗಾನದಲ್ಲಿ ಮಾತು ಬರೆದಿರುವುದಿಲ್ಲವಲ್ಲ, ವೇಷಧಾರಿ ಅಲ್ಲೇ ಹುಟ್ಟಿಸಿಕೊಂಡು ಆಡುತ್ತಾನಲ್ಲ, ಸ್ಕ್ರಿಪ್ಟ್ ಇಲ್ಲದ್ದು ರುಡಿಮೆಂಟರಿ ಅಲ್ಲದೆ ಮತ್ತೇನು ಅಂತ. ನನಗೆ ಇದನ್ನು ಹೇಳಿದವರು ಒಬ್ಬ ಓದಿದ ಮನುಷ್ಯರು, ನಮ್ಮ ಜಿಲ್ಲೆಯವರೇ. ಮೊದಲನೆಯದಾಗಿ, ಪ್ರಸಂಗದ ಪದ್ಯಗಳೆಲ್ಲ ಬರೆದದ್ದೇ, ಅದೂ ಛಂದಸ್ಸಿಗೆ ಕಟ್ಟುಬಿದ್ದು. ಬರೆಯದೆ ಬಿಟ್ಟದ್ದು ಅರ್ಥವನ್ನು ಮಾತ್ರ, ಅದೂ ಬರೆಯಲಿಕ್ಕೆ ಬಾರದೆ ಬಿಟ್ಟದ್ದಲ್ಲ, ಅದು ಅರ್ಥಧಾರಿಯ ಪಾಲು ಅಂತ ಬಿಟ್ಟದ್ದು. ಎರಡನೆಯದು, ಇದೇ ಮುಂಬಯಿಯ ಸಭೆಗಳಲ್ಲಿ ಗದುಗಿನ ಭೀಮಸೇನ ಜೋಶಿಯವರು ಹಾಡುವಾಗ ಸ್ವರವನ್ನು ಬರೆದಿಟ್ಟುಕೊಂಡು ಕೂತದ್ದನ್ನು ಯಾರಾದರೂ ಕಂಡಿದ್ದಾರೆಯೇ? ಅವರ ಆಲಾಪವನ್ನು ರುಡಿಮೆಂಟರಿ ಅಂದ ಇಂಗ್ಲಿಷ್ ವಿಮರ್ಶಕ ಹುಟ್ಟಿಲ್ಲ. ಅಲ್ಲಿ ಅದು ‘ಇಂಪ್ರೊವೈಸೇಶನ್’, ಮೇಲ್ಮಟ್ಟದ ಮಾತು. ಇಲ್ಲಿ ಸ್ಕ್ರಿಪ್ಟ್ ಇಲ್ಲ, ಕೆಳಮಟ್ಟದ ಮಾತು. ಒಂದೇ ಗುಣಕ್ಕೆ ಎರಡು ತಕ್ಕಡಿ.

ಇನ್ನು ‘ನಾಸೆಂಟ್’. ಇದು ಲ್ಯಾಟಿನ್ನಿನ ‘ಹುಟ್ಟು’ ಎಂಬ ಕ್ರಿಯಾಪದದಿಂದ ಬಂದದ್ದು. ನೇಚರ್, ನೇಶನ್, ನೇಟಿವ್ ಎಲ್ಲ ಅದರ ಒಡಹುಟ್ಟುಗಳು. ಕೋಟೆಯ ಬಿಳಿಯರು ಗ್ರಾಂಟ್ ರೋಡಿನ ಜನರಿಗೆ ‘ನೇಟಿವ್’ ಅನ್ನುತ್ತಿದ್ದಾಗ ಆ ಪದಕ್ಕೆ ಎಷ್ಟು ಬೆಲೆ ಇತ್ತು ಅಂತ ನಿಮಗೆ ಗೊತ್ತು. ಅದೇ ಬೇರಿನ ‘ನಾಸೆಂಟ್’ ಮಾತ್ರ ಕೋಟು ಹಾಕಿಕೊಂಡು ಓಡಾಡುತ್ತದೆ. ರಸಾಯನಶಾಸ್ತ್ರದಲ್ಲಿ ‘ನಾಸೆಂಟ್ ಹೈಡ್ರೋಜನ್’ ಅನ್ನುವುದುಂಟು. ಆ ಕ್ಷಣದಲ್ಲಿ ಹುಟ್ಟಿದ, ಇನ್ನೂ ಯಾವುದರ ಜೊತೆಗೂ ಕೂಡಿಕೊಳ್ಳದ ಅನಿಲ ಎಂಬ ಅರ್ಥದಲ್ಲಿ. ಮರಾಠಿ ರಂಗಭೂಮಿ 1843ರಲ್ಲಿ ಹಾಗೆ ಶೂನ್ಯದಿಂದ ಗುಳ್ಳೆಯೆದ್ದು ಬಂದಿತೇ? ಕೀರ್ತನ ಇತ್ತು, ಲಳಿತ ಇತ್ತು, ತಮಾಶಾ ಇತ್ತು, ಕೊಂಕಣದಲ್ಲಿ ದಶಾವತಾರ ಇತ್ತು. ಅದಕ್ಕೂ ಹಿಂದೆ ದೂರದ ತಂಜಾವೂರಿನಲ್ಲಿ ಮರಾಠ ದೊರೆ ಶಹಾಜಿ ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೇ ಮರಾಠಿಯಲ್ಲಿ ನಾಟಕ ಬರೆದಿದ್ದ. ‘ಜನ್ಮ ಕೊಟ್ಟರು’, ‘ಜನಕ’ ಎಂಬ ಮಾತುಗಳು ಭಾಷಣಕ್ಕೆ ಚೆಂದ. ಹೂಮಾಲೆ ಹಾಕಲಿಕ್ಕೆ ಒಂದು ಫೋಟೋ ಬೇಕು, ಆ ಫೋಟೋಕ್ಕೊಂದು ತಾರೀಖು ಬೇಕು, ಅದಕ್ಕೆ ‘ನಾಸೆಂಟ್’ ಬೇಕು.

ಹಾಗಾದರೆ ಸರಿಯಾದ ಪದ ಯಾವುದಪ್ಪಾ ಅಂತ ಕೇಳುವಿರಿ. ಹೇಳುತ್ತೇನೆ. ಆದರೆ ಒಂದೇ ಪದವಲ್ಲ, ಏಕೆಂದರೆ ನಡೆದದ್ದು ಒಂದೇ ಸಂಗತಿಯಲ್ಲ.

ನಮ್ಮ ರೈತನನ್ನು ನೋಡಿ. ಭತ್ತ ಮೊಳಕೆ ಒಡೆದರೆ ಮೊಳಕೆ, ಗದ್ದೆಗೆ ನಾಟಿ ಮಾಡುವಷ್ಟಾದರೆ ಅಗೆ, ತೆನೆ ಇನ್ನೂ ಗರಿಯ ಒಳಗೆ ಅಡಗಿ ಉಬ್ಬಿದರೆ ಹೊಡೆ, ಕಾಳಿನಲ್ಲಿ ಹಾಲು ತುಂಬಿದರೆ ಹಾಲುಗಾಳು. ಹೊಡೆಯನ್ನು ಮೊಳಕೆ ಅಂದವನಿಗೆ ಗೇಣಿಗೂ ಗದ್ದೆ ಸಿಗಲಿಕ್ಕಿಲ್ಲ. ಮಾವಿನಲ್ಲಿ ಹೀಚು ಬೇರೆ, ಮಿಡಿ ಬೇರೆ, ದೋರೆಗಾಯಿ ಬೇರೆ. ಹೀಚು ಉಪ್ಪಿಗೆ ಹಾಕಿದರೆ ಕರಗುತ್ತದೆ, ದೋರೆಗಾಯಿ ಹಾಕಿದರೆ ಕೊಳೆಯುತ್ತದೆ, ಉಪ್ಪಿನಕಾಯಿಗೆ ಮಿಡಿಯೇ ಆಗಬೇಕು. ಗ್ರಾಂಟ್ ರೋಡಿನ ಭಾಜಿ ಗಲ್ಲಿಯಲ್ಲಿ ಬೆಂಡೆಯ ತುದಿ ಮುರಿದು ನೋಡದೆ ಕೊಳ್ಳುವ ಹೆಂಗಸು ಇಲ್ಲ. ತರಕಾರಿಯ ಎಳಸು ಬಲಿತ ನೋಡುವಾಗ ಇಷ್ಟು ಜಾಣರಾದ ನಾವು ಒಂದು ಕಲೆಯ ಎಳಸು ಬಲಿತ ಹೇಳುವಾಗ ಕೈಗೆ ಸಿಕ್ಕಿದ ಇಂಗ್ಲಿಷ್ ಪದ ಎತ್ತಿ ಚೀಲಕ್ಕೆ ಹಾಕುತ್ತೇವೆ.

ಇಂಗ್ಲಿಷಿಗೂ ಈ ಸೂಕ್ಷ್ಮ ಇದೆ. ಇಲ್ಲ ಅಂದುಕೊಂಡವರು ನಾವು. ‘ಇನ್‌ಸಿಪಿಯೆಂಟ್’ ಅಂತ ಒಂದಿದೆ, ಸುರುವಾಗುತ್ತಿರುವ ಎಂದೇ ಅರ್ಥ, ಆದರೆ ಅದಕ್ಕೆ ಆಸ್ಪತ್ರೆಯ ವಾಸನೆ. ಕಣ್ಣಿನ ಡಾಕ್ಟರು ಪೊರೆ ಇನ್ನೂ ಬಲಿತಿಲ್ಲ ಎಂದು ಹೇಳಲಿಕ್ಕೆ ‘ಇನ್‌ಸಿಪಿಯೆಂಟ್ ಕ್ಯಾಟರಾಕ್ಟ್’ ಅಂತ ಬರೆಯುತ್ತಾರೆ. ಒಂದು ಸಂಘದವರು ತಮ್ಮ ಯುವ ವಿಭಾಗವನ್ನು ‘ಇನ್‌ಸಿಪಿಯೆಂಟ್’ ಅಂತ ಅಚ್ಚು ಹಾಕಿಸಿದ್ದನ್ನು ನಾನು ಕಂಡಿದ್ದೇನೆ. ಅದು ರೋಗವೋ ಅಂತ ಅಧ್ಯಕ್ಷರ ಮಗಳೇ ಕೇಳಿದಳು. ‘ಬಡ್ಡಿಂಗ್’ ಇದೆ, ಮೊಗ್ಗಿನದ್ದು. ನಮ್ಮ ‘ಉದಯೋನ್ಮುಖ’ಕ್ಕೆ ಅದನ್ನೇ ಹಾಕುತ್ತಾರೆ. ಊರಿನ ಪತ್ರಿಕೆಗಳು ಹೊರನಾಡಿನ ಬರಹಗಾರರನ್ನು ಅರವತ್ತು ತುಂಬಿದ ಮೇಲೂ ಉದಯೋನ್ಮುಖ ಅನ್ನುತ್ತವೆ. ನಮ್ಮ ಸೂರ್ಯ ಕರ್ನಾಟಕದ ದಿಗಂತ ದಾಟುವುದೇ ಇಲ್ಲ, ಏನು ಮಾಡುವುದು.

ನನಗೆ ತುಂಬ ಪ್ರೀತಿಯ ಪದ ‘ಇಂಕೋಯೇಟ್’. ಇದರ ಬೇರು ಲ್ಯಾಟಿನ್ನಿನ ‘ಕೋಹುಮ್’, ಅಂದರೆ ನೊಗಕ್ಕೂ ನೇಗಿಲಿಗೂ ಬಿಗಿಯುವ ಹಗ್ಗ, ನಮ್ಮ ಮಿಣಿ. ಮಿಣಿ ಬಿಗಿದಾಯಿತು, ಎತ್ತು ನಿಂತಿದೆ, ಉಳುಮೆ ಇನ್ನು ಸುರುವಾಗಬೇಕು, ಆ ಸ್ಥಿತಿ. ಯುಗಾದಿಯ ಸುಮಾರಿಗೆ ಹೊನ್ನಾರು ಕಟ್ಟುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾನೂನಿನಲ್ಲೂ ಈ ಪದ ಇದೆ. 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 20ನೇ ಕಲಮಿನಲ್ಲಿ ‘ಇಂಕೋಯೇಟ್’ ಪತ್ರಗಳ ಮಾತು ಬರುತ್ತದೆ. ಸ್ಟಾಂಪ್ ಕಾಗದಕ್ಕೆ ಸಹಿ ಹಾಕಿ, ಮೊತ್ತದ ಜಾಗ ಖಾಲಿ ಬಿಟ್ಟು ಕೊಟ್ಟರೆ, ಪಡೆದವನು ಅದನ್ನು ತುಂಬಬಹುದು. ಮುಂಬಯಿಯಲ್ಲಿ ವ್ಯಾಪಾರ ಮಾಡಿದ ನಮ್ಮ ಹೋಟೆಲಿನವರಿಗೆ ಇಂಥ ಕಾಗದದ ಬಿಸಿ ಚೆನ್ನಾಗಿ ಗೊತ್ತು.

1843ರ ಸಾಂಗ್ಲಿಗೆ ಈ ಪದ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಭಾವೆ ಪದ್ಯಗಳನ್ನು ಕಟ್ಟಿದರು, ಸೂತ್ರಧಾರ ಅವನ್ನು ಹಾಡುತ್ತಿದ್ದ, ನಡುವೆ ಪಾತ್ರಗಳ ಮಾತಿಗೆ ಜಾಗ ಖಾಲಿ ಇತ್ತು, ನಟರು ತುಂಬಿಕೊಳ್ಳಬೇಕಿತ್ತು. ಸಹಿ ಆಗಿದೆ, ಮೊತ್ತ ಬರೆದಿಲ್ಲ. ಯಕ್ಷಗಾನದಲ್ಲೂ ಮಾತು ಖಾಲಿ ಇತ್ತಲ್ಲ, ಅದು ಯಾಕೆ ಇಂಕೋಯೇಟ್ ಅಲ್ಲ ಅಂತ ಜಾಣ ಓದುಗರು ಇಲ್ಲಿ ನನ್ನನ್ನು ಹಿಡಿಯಬಹುದು. ಯಾಕೆಂದರೆ ಕರಾವಳಿಯಲ್ಲಿ ಆ ಖಾಲಿ ಜಾಗವನ್ನು ಹೇಗೆ ತುಂಬಬೇಕು ಎಂಬುದಕ್ಕೆ ತಲೆಮಾರುಗಳ ಅಭ್ಯಾಸ ಇತ್ತು. ಮಗ ಅಪ್ಪನ ಅರ್ಥ ಕೇಳಿಯೇ ಬೆಳೆದಿದ್ದ, ತಪ್ಪಿದರೆ ಭಾಗವತ ಜಾಗಟೆಯಲ್ಲೇ ಎಚ್ಚರಿಸುತ್ತಿದ್ದ, ಪ್ರೇಕ್ಷಕನಿಗೂ ಪುರಾಣ ಬಾಯಿಪಾಠ. ಸಾಂಗ್ಲಿಯಲ್ಲಿ ನಟರೂ ಹೊಸಬರು, ಪದ್ಧತಿಯೂ ಹೊಸದು. ಒಂದು ಕಡೆ ಖಾಲಿ ಜಾಗವೇ ನಿಯಮ, ಇನ್ನೊಂದು ಕಡೆ ಖಾಲಿ ಜಾಗ ಇನ್ನೂ ಆಗಬೇಕಾದ ಕೆಲಸ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತದೆ. ಪದ ಆರಿಸುವವನು ಹೊರಗೆ ನಿಂತು ಆರಿಸಬಾರದು.

1853ರ ಗ್ರಾಂಟ್ ರೋಡಿಗೆ ‘ಇಂಕೋಯೇಟ್’ ಕೂಡ ಹೊಂದುವುದಿಲ್ಲ. ಹತ್ತು ವರ್ಷ ಆಗಿತ್ತು, ಆಶ್ರಯದಾತ ಹೋಗಿದ್ದ, ಟಿಕೆಟ್ ಹಚ್ಚಿ ಆಡಬೇಕಿತ್ತು, ಗುರುತಿಲ್ಲದ ಊರು, ದರ್ಬಾರಿನ ಪ್ರೇಕ್ಷಕನಲ್ಲ, ಕಾಸು ಕೊಟ್ಟು ಬಂದವನು. ಇದಕ್ಕೆ ಇಂಗ್ಲಿಷಿನಲ್ಲಿ ‘ಫ್ಲೆಜ್‌ಲಿಂಗ್’ ಅಂತ ಹೇಳಿ ಮಾಡಿಸಿದ ಪದ ಇದೆ. ಹಾರುವ ಗರಿ ಆಗಷ್ಟೇ ಮೂಡಿ ಗೂಡು ಬಿಟ್ಟ ಮರಿ. ಮೊಟ್ಟೆಯಲ್ಲಿದ್ದದ್ದಲ್ಲ, ಹುಟ್ಟಿದ ಕ್ಷಣದ್ದಲ್ಲ. ಸಾಂಗ್ಲಿಯ ಗೂಡು ಬಿಟ್ಟು ಗ್ರಾಂಟ್ ರೋಡಿನ ಬಯಲಿಗೆ ಬಿದ್ದು, ರೆಕ್ಕೆ ಬಡಿದು, ಬದುಕಿಕೊಂಡದ್ದು. ಭಾವೆಯವರ ಧೈರ್ಯ ಇರುವುದು ಇಲ್ಲೇ. ಅವರನ್ನು ‘ನಾಸೆಂಟ್’ ಅಂತ ಕರೆದರೆ ಆ ಹತ್ತು ವರ್ಷವನ್ನು ಕದ್ದ ಹಾಗಾಗುತ್ತದೆ. ಸರಿಯಾದ ಪದ ಹಾಕಿದರೆ ನಮಗೆ ಮಾತ್ರವಲ್ಲ, ಅವರಿಗೂ ನ್ಯಾಯ.

ನಮ್ಮವರಲ್ಲಿ ಇನ್ನೊಂದು ಪಕ್ಷ ಇದೆ, ಅವರಿಗೂ ಎರಡು ಮಾತು ಹೇಳಬೇಕು. ವೇದಿಕೆ ಸಿಕ್ಕಿದರೆ ಎದೆ ತಟ್ಟಿಕೊಂಡು, ಮರಾಠಿ ರಂಗಭೂಮಿ ನಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದು, ಅದರ ‘ಎಂಬ್ರಿಯೋ’ ಯಕ್ಷಗಾನದಲ್ಲಿತ್ತು ಅಂತ ಘೋಷಿಸುವವರು. ಸಂಯುಕ್ತ ಮಹಾರಾಷ್ಟ್ರ, ಬೆಳಗಾವಿ ಎಲ್ಲ ಸೇರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಕರ್ಕಿಯ ಭಾಗವತರು ಸಾಂಗ್ಲಿಗೆ ಹೋದದ್ದು ಆಟ ಆಡಲಿಕ್ಕೆ, ಮರಾಠಿಗೆ ಬಸಿರು ಕೊಡಲಿಕ್ಕಲ್ಲ. ನೋಡಿದವನೊಬ್ಬ ತನ್ನ ಭಾಷೆಯಲ್ಲಿ ತನ್ನದೇ ಒಂದನ್ನು ಕಟ್ಟಿದ. ಅದರಲ್ಲಿ ಯಕ್ಷಗಾನದ ಋಣ ಇದೆ, ಯಕ್ಷಗಾನ ಇಲ್ಲ. ಮುಂದೆ ಆ ನೀರು ಎಲ್ಲೆಲ್ಲಿ ಹರಿಯಿತು ಅಂತ ನೋಡಿದರೆ ಯಾರ ಹೊಟ್ಟೆ ಯಾರದ್ದು ಅಂತ ಹೇಳುವ ಉಸಾಬರಿಯೇ ಬೇಡ ಅನಿಸುತ್ತದೆ. ಭಾವೆಯ ‘ಸೀತಾ ಸ್ವಯಂವರ’ ಆದ ಆ 1843ರಲ್ಲೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಕನ್ನಡದ ಊರಿನಲ್ಲಿ, ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದರು. 1880ರಲ್ಲಿ ಅವರ ‘ಶಾಕುಂತಲ’ ಪುಣೆಯಲ್ಲಿ ಆದಾಗ ಮರಾಠಿ ಸಂಗೀತ ನಾಟಕ ಮೇಲಕ್ಕೆದ್ದಿತು. ಮರಾಠಿ ಕಂಪನಿಗಳು ಧಾರವಾಡ, ಗದಗಗಳನ್ನು ಗೆದ್ದುಕೊಂಡು ಹೋಗುತ್ತಿದ್ದುದನ್ನು ಸಹಿಸದೆ ಶಾಂತಕವಿಗಳು ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿದ್ದು 1870ರ ದಶಕದಲ್ಲಿ. ಗ್ರಾಂಟ್ ರೋಡಿನಲ್ಲಿ ಗರಿ ಬಿಚ್ಚಿದ ಪಾರ್ಸಿ ರಂಗಭೂಮಿಯ ಕಂಪನಿ 1880ರ ಸುಮಾರಿಗೆ ಮೈಸೂರಿಗೆ ಹೋಗಿ ಆಡಿತು, ಅದನ್ನು ಕಂಡು ಅರಮನೆಯ ನಾಟಕ ಕಂಪನಿ ಸುರುವಾಯಿತು. ಕರ್ಕಿಯಿಂದ ಸಾಂಗ್ಲಿ, ಸಾಂಗ್ಲಿಯಿಂದ ಗ್ರಾಂಟ್ ರೋಡ್, ಗ್ರಾಂಟ್ ರೋಡಿನಿಂದ ಮೈಸೂರು. ಆ ಹೊತ್ತಿನಲ್ಲಿ ನಿಜವಾಗಿ ಗರಿ ಮೂಡದ ಮರಿ ಯಾರು ಅಂದರೆ ನಮ್ಮ ಕಂಪನಿ ನಾಟಕ!

ಇದನ್ನು ಮುಂಬಯಿಯವರ ತಪ್ಪು ಅಂತ ಓದಿ ನೀವು ಪುಟ ಮಗುಚಬೇಡಿ. ಈ ತಕ್ಕಡಿ ಊರಿನಿಂದಲೇ ಬಂದದ್ದು. ಕನ್ನಡದ ಮೊದಲ ನಾಟಕ ಯಾವುದು ಅಂತ ಶಾಲೆಯ ಮಗುವನ್ನು ಕೇಳಿ, ‘ಮಿತ್ರವಿಂದಾ ಗೋವಿಂದ’ ಅನ್ನುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಸಿಂಗರಾರ್ಯನದ್ದು, ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ಬರೆದದ್ದು, ಹದಿನೇಳನೆಯ ಶತಮಾನದ ಕೊನೆಯದು. 1564ರ ಓಲೆಯಲ್ಲಿ ಪಾತ್ರಗಳಿವೆ, ಪದ್ಯವಿದೆ, ರಂಗಕ್ಕೆ ಬೇಕಾದದ್ದೆಲ್ಲ ಇದೆ, ಆದರೂ ಅದು ನಾಟಕದ ಲೆಕ್ಕಕ್ಕೆ ಬಾರದು. ಯಾಕೆ? ಸಂಸ್ಕೃತದ ರತ್ನಾವಳಿಯ ನೆರಳು ಬಿದ್ದದ್ದು ಮಾತ್ರ ನಾಟಕ, ಗದ್ದೆಯಲ್ಲಿ ಆಡಿದ್ದು ‘ಆಟ’. ಮೊದಲು ನಮ್ಮ ಪಂಡಿತರು ಅದನ್ನು ಕನ್ನಡದಲ್ಲಿ ನಾಟಕದ ಮನೆಯ ಹೊರಗೆ ಕೂರಿಸಿದರು. ಆಮೇಲೆ ನಾವು ಮುಂಬಯಿಯವರು ಅದನ್ನೇ ಇಂಗ್ಲಿಷಿಗೆ ತರ್ಜುಮೆ ಮಾಡಿದೆವು, ಅಷ್ಟೆ. ಕನ್ನಡದಲ್ಲಿ ‘ಆಟ’ ಅಂದಾಗ ಅದರಲ್ಲಿ ಸಲಿಗೆಯಾದರೂ ಇತ್ತು. ‘ರುಡಿಮೆಂಟರಿ’ಯಲ್ಲಿ ಅದೂ ಇಲ್ಲ.

ಪದದಿಂದ ಏನಾಗುತ್ತದೆ ಅನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಈ ನಗರದಲ್ಲಿ ಯಕ್ಷಗಾನವನ್ನು ಉಳಿಸಿದ್ದು ವಿದ್ವಾಂಸರಲ್ಲ, ಹೋಟೆಲಿನ ಹುಡುಗರು. ಹಗಲೆಲ್ಲ ಗ್ಲಾಸು ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಅಕ್ಷರ ಕಲಿತು, ರಾತ್ರಿ ಗಿರಾಕಿ ಮುಗಿದ ಮೇಲೆ ಟೇಬಲು ಸರಿಸಿ ಅದೇ ನೆಲದ ಮೇಲೆ ಹೆಜ್ಜೆ ಹಾಕಿದವರು. ಅವರಲ್ಲೊಬ್ಬರು, ನಲವತ್ತು ವರ್ಷ ವೇಷ ಮಾಡಿದವರು, ಒಂದು ಸಭಾಗೃಹಕ್ಕೆ ಬಾಡಿಗೆಯ ರಿಯಾಯಿತಿ ಕೇಳಲಿಕ್ಕೆ ಹೋದಾಗ ನಾನು ಜೊತೆಗಿದ್ದೆ. ನಾಟಕಕ್ಕೆ ರಿಯಾಯಿತಿ ಇತ್ತು. ಮೇಜಿನ ಆಚೆ ಕೂತ ಮನುಷ್ಯ ನಮ್ಮದೇ ಕರಪತ್ರವನ್ನು ತಿರುಗಿಸಿ, ನಮ್ಮದೇ ಇಂಗ್ಲಿಷ್ ಸಾಲನ್ನು ಬೆರಳಿಟ್ಟು ತೋರಿಸಿ, ಇದು ಥಿಯೇಟರ್ ಅಲ್ಲ ಅಂತ ನೀವೇ ಬರೆದಿದ್ದೀರಲ್ಲ, ಥಿಯೇಟರಿಗಿಂತ ಮೊದಲಿನದ್ದು ಅಂತ, ಅಂದ. ವಾದಿಸ ಹೋದರೆ ಅಚ್ಚಾದ ಕಾಗದ ಅವನ ಕೈಯಲ್ಲಿತ್ತು. ಪೂರ್ತಿ ಬಾಡಿಗೆ ಕಟ್ಟಿ ಬಂದೆವು. ಹಿರಿಯರು ಲೋಕಲಿನಲ್ಲಿ ಕಿಟಕಿಯ ಹತ್ತಿರ ಕೂತು, ಆ ಪದಕ್ಕೆ ಕನ್ನಡದಲ್ಲಿ ಏನು ಅಂತ ಕೇಳಿದರು. ನಾನು ‘ಹಳೇ ಕಾಲದ್ದು ಅಂತ’ ಅಂದೆ. ಅವರಿಗೆ ಸಮಾಧಾನವಾದ ಹಾಗೆ ಕಂಡಿತು.

ಹಾಗಾದರೆ ಕರ್ಕಿಯ ಮೇಳಕ್ಕೆ ಇಂಗ್ಲಿಷಿನಲ್ಲಿ ಯಾವ ವಿಶೇಷಣ ಹಾಕಬೇಕು? ನನ್ನ ಉತ್ತರ: ಆರಂಭವನ್ನು ಹೇಳುವ ಯಾವ ಪದವನ್ನೂ ಹಾಕಬೇಡಿ. ‘ಮೆಚ್ಯೂರ್’ ಅನ್ನಿ, ‘ಓಲ್ಡ್’ ಅನ್ನಿ, ಇಲ್ಲವೇ ಏನೂ ಅನ್ನದೆ ‘ಯಕ್ಷಗಾನ’ ಅಂತಷ್ಟೇ ಬರೆಯಿರಿ. ಓಪೆರಾಕ್ಕೆ, ಕಬುಕಿಗೆ ಯಾರೂ ಮುಂದೊಂದು ವಿಶೇಷಣ ಹಚ್ಚಿ ಪರಿಚಯಿಸುವುದಿಲ್ಲ. ಭಾವೆಯ ಮೊದಲ ಪ್ರಯತ್ನಕ್ಕೆ ‘ಇಂಕೋಯೇಟ್’, ಗ್ರಾಂಟ್ ರೋಡಿಗೆ ಬಂದ ಮೇಳಕ್ಕೆ ‘ಫ್ಲೆಜ್‌ಲಿಂಗ್’. ‘ನಾಸೆಂಟ್’ ಬೇಕೇ ಬೇಕು ಅನ್ನುವವರಿಗೆ ಅದನ್ನು ಬಳಸಲು ಒಂದು ಜಾಗ ತೋರಿಸುತ್ತೇನೆ.

ಉಪನಗರಗಳಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಯಕ್ಷಗಾನ ಕಲಿಸುವ ತರಗತಿಗಳಿವೆ. ಯಾವುದಾದರೊಂದಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಮಕ್ಕಳ ಕೈಯಲ್ಲಿ ನೋಟುಬುಕ್ಕು ಇರುತ್ತದೆ. ಕನ್ನಡ ಅಕ್ಷರ ಬಾರದ ಕಾರಣ ಬಬ್ರುವಾಹನನ ಮಾತನ್ನು ಕೆಲವರು ದೇವನಾಗರಿಯಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿರುತ್ತಾರೆ. ಳಕಾರ ಬರೆಯಲಾಗದ ಇಂಗ್ಲಿಷಿನವರು ಅದರ ಕೆಳಗೊಂದು ಗೆರೆ ಎಳೆದಿರುತ್ತಾರೆ, ಮರಾಠಿ ಶಾಲೆಯ ಮಕ್ಕಳಿಗೆ ಆ ಕಷ್ಟ ಇಲ್ಲ. ಅರ್ಥ ಗೊತ್ತಿಲ್ಲದ ಕಡೆ ಪಕ್ಕದಲ್ಲಿ ಹಿಂದಿ. ಒಂದು ಹುಡುಗಿ ‘ಎಲವೋ’ ಎಂಬುದರ ಮುಂದೆ ‘ಅರೇ ಓ’ ಅಂತ ಬರೆದಿದ್ದಳು, ಅದಕ್ಕಿಂತ ಒಳ್ಳೆಯ ಅನುವಾದ ನನಗೂ ಹೊಳೆಯಲಿಲ್ಲ. ಧೀಂಗಿಣ ಹಾಕುವಾಗ ತಾಳ ತಪ್ಪುತ್ತಿಲ್ಲ, ಮಾತು ಬಂದಾಗ ತಡವರಿಸುತ್ತಾರೆ. ಎರಡು ಲಿಪಿ ಕಲಸಿದ ಆ ನೋಟುಬುಕ್ಕಿನಲ್ಲಿ ಇರುವುದಕ್ಕೆ ಊರಿನಲ್ಲೂ ಹೆಸರಿಲ್ಲ, ಇಲ್ಲೂ ಹೆಸರಿಲ್ಲ. ಅದಕ್ಕೆ ಹೇಳಿ ನಾಸೆಂಟ್ ಅಂತ. ನನ್ನ ತಕರಾರಿಲ್ಲ.